ದೊಡ್ಡಮ್ಮನ ಆಸ್ತಿ ಮಗನ ಹೆಸರಿಗೆ ಹೋಗಿದೆ, ಈಗ ಅವರಿಗೆ ಹೊತ್ತಿಗೆ ಸರಿಯಾಗಿ ಊಟವೂ ಇಲ್ಲ. ಏನು ಮಾಡಬಹುದು?

ಕಾಫಿಸೀಮೆ:
ನಮ್ಮ ದೊಡ್ಡಮ್ಮನಿಗೆ ಎಪ್ಪತ್ತು ದಾಟಿದೆ. ದೊಡ್ಡಪ್ಪ ತೀರಿಕೊಂಡ ಮೇಲೆ, ಕೊನೆವರೆಗೂ ನೋಡಿಕೊಳ್ಳುತ್ತೇನೆ ಅಂತ ಮಗ ಹೇಳಿದ್ದನ್ನು ನಂಬಿ ಮನೆ, ಜಮೀನು ಎರಡನ್ನೂ ಅವನಿಗೆ ದಾನಪತ್ರ ಮಾಡಿಕೊಟ್ಟರು. ಈಗ ಅವರು ಮಲಗುವುದು ಕೊಟ್ಟಿಗೆ ಪಕ್ಕದ ಸೌದೆ ಕೋಣೆಯಲ್ಲಿ. ಹೋದ ವಾರ ನಾನು ಹೋದಾಗ ಮಧ್ಯಾಹ್ನ ಮೂರಾದರೂ ಊಟ ಕೊಟ್ಟಿರಲಿಲ್ಲ, ತಟ್ಟೆಯಲ್ಲಿ ಬೆಳಗಿನ ಅರ್ಧ ರೊಟ್ಟಿ ಒಣಗಿತ್ತು. ಮುಂಗೈ ನೀಲಿಗಟ್ಟಿತ್ತು. ಕೇಳಿದರೆ "ಬಚ್ಚಲಲ್ಲಿ ಜಾರಿದೆ" ಅಂದರು, ಆದರೆ ಸೊಸೆ ಬಾಗಿಲಲ್ಲೇ ನಿಂತಿದ್ದಳು. ಸಂಧ್ಯಾ ಸುರಕ್ಷಾ ಪಿಂಚಣಿಯ 1,200 ರೂಪಾಯಿ ಬರುವ ಪಾಸ್‌ಬುಕ್ಕೂ ಮಗನ ಹತ್ತಿರ. ಪೊಲೀಸ್ ಅಂದರೆ "ಬೇಡ ಮಗ, ಮನೆ ಮರ್ಯಾದೆ" ಅಂತಾರೆ. ದಾನಪತ್ರ ಆದ ಮೇಲೆ ಕೈ ಕಟ್ಟಿದ ಹಾಗೇನಾ?

ತುಂಗಾತೀರ:
ಇಲ್ಲ, ದಾರಿ ಇದೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಇರುವುದೇ ಇದಕ್ಕೆ. ನಿಮ್ಮ ಉಪವಿಭಾಗದ ಎಸಿ (ಉಪವಿಭಾಗಾಧಿಕಾರಿ) ಕಚೇರಿಯಲ್ಲೇ ನ್ಯಾಯಮಂಡಳಿ ಇರುತ್ತದೆ, ಅರ್ಜಿ ಅಲ್ಲಿ ಕೊಡಬೇಕು. ದೊಡ್ಡಮ್ಮನಿಗೆ ಓಡಾಡಲು ಆಗದಿದ್ದರೆ ಅವರು ಒಪ್ಪಿಗೆ ಕೊಟ್ಟ ಬೇರೆಯವರೂ ಹಾಕಬಹುದು, ಅಂದರೆ ನೀವೇ. ವಕೀಲರು ಬೇಕೇ ಬೇಕು ಅಂತಿಲ್ಲ. ಜೀವನಾಂಶ ತಿಂಗಳಿಗೆ 10,000ದವರೆಗೆ ಕೊಡಿಸಬಹುದು, ನೋಟಿಸ್ ಹೋದ ಮೇಲೆ 90 ದಿನದಲ್ಲಿ ತೀರ್ಮಾನ ಆಗಬೇಕು ಅಂತ ಕಾಯ್ದೆ ಹೇಳುತ್ತದೆ.

ಆಸ್ತಿಗೆ ಅದೇ ಕಾಯ್ದೆಯ 23ನೇ ಸೆಕ್ಷನ್. ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ ಆ ಪತ್ರವನ್ನೇ ರದ್ದು ಮಾಡಿಸಬಹುದು. ತೊಡಕು ಇರುವುದು ಆ ಷರತ್ತಿನಲ್ಲೇ. ಷರತ್ತು ಇಲ್ಲದಿದ್ದರೆ ಈ ಸೆಕ್ಷನ್ ಬರುವುದಿಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಒಬ್ಬ ತಾಯಿಯ ಕೇಸಿನಲ್ಲಿ, ದಾನಪತ್ರದ ಜೊತೆ ಮಗ ಬೇರೆ ಹಾಳೆಯಲ್ಲಿ ಬರೆದುಕೊಟ್ಟ ಮಾತನ್ನೂ ಲೆಕ್ಕಕ್ಕೆ ತೆಗೆದುಕೊಂಡು ಪತ್ರ ರದ್ದು ಮಾಡಿ ಸ್ವಾಧೀನವನ್ನೂ ತಾಯಿಗೆ ಕೊಡಿಸಿತು. ಹಾಗಾಗಿ ಮೊದಲು ಪತ್ರದಲ್ಲಿ ಏನು ಬರೆದಿದೆ ಅಂತ ಓದಿ.

ಊರ ಹಿರಿಯ:
ಕೋರ್ಟು ಕಚೇರಿ ಅಂದರೆ ಮಗನ ದ್ವೇಷ ಜಾಸ್ತಿ ಆಗುತ್ತದೆ. ನಾಲ್ಕು ಜನ ದೊಡ್ಡವರನ್ನು ಕೂರಿಸಿ ಬುದ್ಧಿ ಹೇಳಿಸಿ.

ಮಲ್ಲಿಗೆಮೊಗ್ಗು:
ಹಿರಿಯರೇ, ನಿಮ್ಮ ಮಾತಿಗೆ ಗೌರವ ಇದೆ, ಆದರೆ ಇಲ್ಲಿ ಒಪ್ಪಲು ಆಗುವುದಿಲ್ಲ. ಎಲ್ಲರ ಮುಂದೆ ಮಗ ತಲೆ ಆಡಿಸುತ್ತಾನೆ, ಜನ ಎದ್ದು ಹೋದ ಮೇಲೆ ರಾತ್ರಿ ಅದೇ ಮನೆಯಲ್ಲಿ ಇರಬೇಕಾದವರು ಆಯಮ್ಮ ಅಲ್ವಾ? ನಾನು ಆಸ್ಪತ್ರೆಯಲ್ಲಿ ನರ್ಸ್. ಜೊತೆಗೆ ಬಂದವರೇ ಎಲ್ಲ ಉತ್ತರ ಕೊಡುತ್ತಾ ಅಜ್ಜಿ ಸುಮ್ನೆ ನೆಲ ನೋಡುತ್ತಾ ಕೂತಿದ್ದರೆ ನಮಗೆ ಅನುಮಾನ ಬರುತ್ತದೆ.

ಕಣ್ಣು ತೋರಿಸಬೇಕು, ಬಿಪಿ ನೋಡಿಸಬೇಕು ಅಂತ ಏನಾದರೂ ಹೇಳಿ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಡಾಕ್ಟರು ಒಬ್ಬರೇ ಅವರನ್ನು ಮಾತಾಡಿಸಲಿ, ಗಾಯ ಚೀಟಿಯಲ್ಲಿ ಬರೆಯಲಿ. ಆಮೇಲೆ ನೀವೂ ನಿಧಾನಕ್ಕೆ ಕೇಳಿ, ಎಲ್ಲಿ ಇರಲು ಇಷ್ಟ, ಏನು ಆಗಬೇಕು ಅಂತ. ಅವರ ಬುದ್ಧಿ ಸರಿಯಾಗಿಯೇ ಇದೆ, ಅವರನ್ನು ಕೇಳದೆ ನಾವು ತೀರ್ಮಾನ ಮಾಡಿದರೆ ಅದೂ ತಪ್ಪು. ಕೆಲವು ದಿನ ನಿಮ್ಮ ಮನೆಗೆ ಬರುತ್ತೇನೆ ಅಂದರೆ ಕರೆದುಕೊಂಡು ಬನ್ನಿ, ನಿಮ್ಮ ಊರಿನ ಎಸಿ ಕಚೇರಿಯಲ್ಲೂ ಅರ್ಜಿ ಕೊಡಬಹುದು. ಹಿರಿಯರ ಸಹಾಯವಾಣಿ 14567, ಬೆಳಿಗ್ಗೆ 8ರಿಂದ ರಾತ್ರಿ 8. ಹೊಡೆಯುತ್ತಿದ್ದಾರೆ ಅಂತ ಗೊತ್ತಾದರೆ ಮರ್ಯಾದೆ ನೋಡಬೇಡಿ, ತಕ್ಷಣ 112.

ಕಾಫಿಸೀಮೆ:
ಎಲ್ಲರಿಗೂ ಧನ್ಯವಾದ. ಭಾನುವಾರ ಹೋಗಿ ಕರೆದುಕೊಂಡು ಬರುತ್ತೇನೆ. ಪತ್ರ ಮಗನ ಬೀರುವಿನಲ್ಲಿದೆ, ನಕಲು ಬೇರೆ ಕಡೆ ಸಿಗುತ್ತದಾ?

ತುಂಗಾತೀರ:
ಸಿಗುತ್ತದೆ. ನೋಂದಣಿ ಆದ ಉಪನೋಂದಣಿ ಕಚೇರಿಯಲ್ಲಿ ಶುಲ್ಕ ಕಟ್ಟಿದರೆ ದೃಢೀಕೃತ ನಕಲು ಕೊಡುತ್ತಾರೆ, ಮಗನ ಒಪ್ಪಿಗೆ ಬೇಕಾಗಿಲ್ಲ. ಪಾಸ್‌ಬುಕ್ ವಿಷಯ ಬಿಡಬೇಡಿ. ದೊಡ್ಡಮ್ಮನನ್ನೇ ಕರೆದುಕೊಂಡು ಹೋಗಿ ಖಾತೆಗೆ ಯಾರ ಮೊಬೈಲ್ ನಂಬರ್ ಇದೆ ನೋಡಿ. ಹೊಸ ಕಾಗದ ಯಾವುದಕ್ಕೂ ಹೆಬ್ಬೆಟ್ಟು ಒತ್ತಬೇಡಿ ಅಂತ ಅವರಿಗೆ ಈಗಲೇ ಹೇಳಿಬಿಡಿ.