ಹೆಪಟೈಟಿಸ್ ಸಿ: ಯಾವ ರಕ್ತಪರೀಕ್ಷೆ ಬೇಕು, ಯಾವುದು ಬೇಡ? ಕೋಲಾರದ ನಮ್ಮ ಗುಂಪಿನಲ್ಲಿ ಡಾಕ್ಟರಿಗೆ ಕೇಳಿದ್ದು

ಮುಳಬಾಗಿಲು ಸದಸ್ಯ: ನಮಸ್ಕಾರ ಡಾಕ್ಟ್ರೇ. ಅಪ್ಪನಿಗೆ 58 ವರ್ಷ. 2012ರಲ್ಲಿ ಹೆಪಟೈಟಿಸ್ ಸಿಗೆ ಇಂಟರ್‌ಫೆರಾನ್ ಇಂಜೆಕ್ಷನ್ ಕೊಡಿಸಿದ್ದೆವು. ವೈರಸ್ ಹೋಗಿ ಮತ್ತೆ ಬಂತು. ಈಗ ಮಾತ್ರೆ ಶುರು ಮಾಡಬೇಕು. ಮಾತ್ರೆ ಕೆಲಸ ಮಾಡುತ್ತಾ ಅಂತ ಮೊದಲೇ ತಿಳಿಯಲು ಐಎಲ್28ಬಿ ಜೀನ್ ಪರೀಕ್ಷೆ ಮಾಡಿಸಿ ಅಂತ ಲ್ಯಾಬಿನವರು ಹೇಳುತ್ತಾರೆ. ಬೇಕಾ? ಲಿವರ್ ಪರೀಕ್ಷೆಯಲ್ಲಿ ಎಎಸ್‌ಟಿ 96, ಎಎಲ್‌ಟಿ 64, ರಕ್ತದಲ್ಲಿ ಪ್ಲೇಟ್‌ಲೆಟ್ 90 ಸಾವಿರ. ಫಿಟ್ಸ್ ಮಾತ್ರೆ ಬಿಟ್ಟರೆ ಬೇರೆ ಯಾವ ಔಷಧಿಯೂ ಇಲ್ಲ.

ಡಾಕ್ಟರ್: ಆ ಪರೀಕ್ಷೆ ಬೇಡ. ಅದು ಇಂಜೆಕ್ಷನ್ ಕಾಲದ್ದು. ಇಂಟರ್‌ಫೆರಾನ್ ನಮ್ಮ ದೇಹವನ್ನೇ ವೈರಸ್ ಮೇಲೆ ಎಬ್ಬಿಸುತ್ತಿತ್ತು. ಹಾಗಾಗಿ ಹುಟ್ಟಿನಿಂದ ಬಂದ ಜೀನ್ ಮುಖ್ಯವಾಗುತ್ತಿತ್ತು. ಐಎಲ್28ಬಿ ಜೀನ್ ಸಿಸಿ ಎಂಬ ಮಾದರಿಯದಾದವರಿಗೆ ಇಂಜೆಕ್ಷನ್‌ನಿಂದ ಗುಣವಾಗುವುದು ಜಾಸ್ತಿ ಎಂದು 2009ರಲ್ಲಿ ಗೊತ್ತಾಯಿತು. ಈಗಿನ ಸೊಫೊಸ್ಬುವಿರ್, ಡಕ್ಲಟಾಸ್ವಿರ್, ವೆಲ್ಪಟಾಸ್ವಿರ್ ಮಾತ್ರೆಗಳು ನೇರವಾಗಿ ವೈರಸ್ಸನ್ನೇ ತಡೆಯುತ್ತವೆ. ಜೀನ್ ಯಾವುದೇ ಇರಲಿ, ನೂರರಲ್ಲಿ 90ಕ್ಕೂ ಹೆಚ್ಚು ಜನರಿಗೆ ಗುಣವಾಗುತ್ತದೆ.

ನನ್ನ ಚಿಂತೆ ನೀವು ಕೊನೆಗೆ ಬರೆದ ಸಾಲುಗಳ ಬಗ್ಗೆ. ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ: 5568. ಎಎಲ್‌ಟಿ 64ರ ವರ್ಗಮೂಲ 8, ಅದನ್ನು ಪ್ಲೇಟ್‌ಲೆಟ್ 90ರಿಂದ ಗುಣಿಸಿದರೆ 720. ಭಾಗಿಸಿದರೆ 7.7. ಇದಕ್ಕೆ ಫಿಬ್-4 ಅಂತಾರೆ. 3.25 ದಾಟಿದರೆ ಲಿವರ್ ತುಂಬಾ ಗಟ್ಟಿಯಾಗಿರುವ ಸಾಧ್ಯತೆ ಇದೆ. ಸಿರೋಸಿಸ್, ಅಂದರೆ ಲಿವರ್ ಗಾಯಗಟ್ಟಿ ಗಟ್ಟಿಯಾಗಿರುವುದು, ಇದ್ದರೆ ಮಾತ್ರೆಯ ಆಯ್ಕೆ, ಅವಧಿ ಎರಡೂ ಬದಲಾಗಬಹುದು. ಬಿಲಿರುಬಿನ್, ಅಲ್ಬುಮಿನ್, ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ಪರೀಕ್ಷೆ), ಸ್ಕ್ಯಾನಿಂಗ್ ಮಾಡಿಸಿ. ಹೆಪಟೈಟಿಸ್ ಬಿ ಪರೀಕ್ಷೆ ಬಿಡಲೇಬೇಡಿ. ಸಿ ಹೋಗುವಾಗ ಒಳಗೆ ಅಡಗಿದ್ದ ಬಿ ಎದ್ದು ಕೂರಬಹುದು.

ಇನ್ನೊಂದು, ಫಿಟ್ಸ್ ಮಾತ್ರೆಯ ಹೆಸರೇನು? ಕಾರ್ಬಮಜೆಪಿನ್ ಅಥವಾ ಫೆನಿಟೋಯಿನ್ ಆದರೆ ರಕ್ತದಲ್ಲಿ ಸಿ ಮಾತ್ರೆಯ ಪ್ರಮಾಣ ಇಳಿದುಬಿಡುತ್ತದೆ. ಇದನ್ನು ಯಾವ ಜೀನ್ ಪರೀಕ್ಷೆಯೂ ತಿಳಿಸುವುದಿಲ್ಲ.

ಮಾಲೂರು ಸದಸ್ಯೆ: ಸರ್, ಮಾತ್ರೆ ಮುಗಿದು ವರ್ಷವಾಯಿತು. ಆ್ಯಂಟಿಬಾಡಿ ಇನ್ನೂ ಪಾಸಿಟಿವ್. ಗುಣವಾಗಿಲ್ವಾ?

ಡಾಕ್ಟರ್: ಗುಣವಾದ ಮೇಲೂ ಆ್ಯಂಟಿಬಾಡಿ ಪಾಸಿಟಿವ್ ಆಗಿಯೇ ಉಳಿಯಬಹುದಮ್ಮ. ನೋಡಬೇಕಾದ್ದು ಆರ್‌ಎನ್‌ಎ, ಅಂದರೆ ರಕ್ತದಲ್ಲಿ ವೈರಸ್ಸೇ ಇದೆಯಾ ಅಂತ ನೋಡುವ ಪರೀಕ್ಷೆ. ಮಾತ್ರೆ ಮುಗಿದು 12 ವಾರದ ಮೇಲೆ ಮಾಡಿಸಿದಾಗ ವೈರಸ್ ಸಿಗದಿದ್ದರೆ ಗುಣ.

ಬಂಗಾರಪೇಟೆ ಸದಸ್ಯ: ಇಷ್ಟೆಲ್ಲ ಯಾಕೆ? ಫಾರ್ವರ್ಡ್ ಬಂದಿದೆ ನೋಡಿ. ನೆಲನೆಲ್ಲಿ ರಸ ಮಜ್ಜಿಗೆಯಲ್ಲಿ ಮೂರು ದಿನ, ಯಾವ ಕಾಮಾಲೆಯೂ ನಿಲ್ಲಲ್ಲ. ನಮ್ಮ ಮಾವನಿಗೆ ವಾಸಿಯಾಯಿತು.

ಡಾಕ್ಟರ್: ನಿಮ್ಮ ಮಾವನಿಗೆ ಯಾವ ವೈರಸ್ ಇತ್ತು? ಹೆಪಟೈಟಿಸ್ ಎ, ಇ ವೈರಸ್‌ಗಳ ಕಾಮಾಲೆ ಹೆಚ್ಚಿನವರಲ್ಲಿ ತಾನಾಗೇ ಹೋಗುತ್ತದೆ. ಸಿ ಹಾಗಲ್ಲ. ಬಹಳ ಜನರಿಗೆ ಕಣ್ಣು ಹಳದಿಯಾಗುವುದೇ ಇಲ್ಲ, ವರ್ಷಗಟ್ಟಲೆ ಒಳಗೇ ಲಿವರ್ ತಿನ್ನುತ್ತದೆ. ದಯವಿಟ್ಟು ಇಲ್ಲಿ ಇದನ್ನು ಹಾಕಬೇಡಿ.

ಬಂಗಾರಪೇಟೆ ಸದಸ್ಯ: ನಾಟಿ ಔಷಧಿ ಅಂದರೆ ನಿಮಗೆ ತಾತ್ಸಾರ.

ಶ್ರೀನಿವಾಸಪುರ ಸದಸ್ಯೆ: ತಾತ್ಸಾರ ಅಲ್ಲ ಅಣ್ಣ. ನಮ್ಮ ಅಕ್ಕ ನಾಟಿ ಔಷಧಿ ಅಂತ ಎರಡು ವರ್ಷ ಕಳೆದರು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಹೊಟ್ಟೆಯಲ್ಲಿ ನೀರು ತುಂಬಿತ್ತು.

ಬಂಗಾರಪೇಟೆ ಸದಸ್ಯ: ಅದು ಅವರ ಪಥ್ಯ ಸರಿ ಇಲ್ಲದ್ದಕ್ಕೆ.

ಶ್ರೀನಿವಾಸಪುರ ಸದಸ್ಯೆ: ನಮ್ಮ ಅಕ್ಕನ ಪಥ್ಯ ನಿಮಗೇನು ಗೊತ್ತು? ಬಾಯಿಗೆ ಬಂದಂತೆ ಬರೆಯಬೇಡಿ.

ಕೆಜಿಎಫ್ ಸದಸ್ಯ: ಲಿವರ್ ತೊಂದರೆ ಇದ್ದವರು ಮುದ್ದೆ, ಸೊಪ್ಪಿನ ಸಾರು ತಿನ್ನಬಹುದಾ ಸರ್?

ಮಾಲೂರು ಇನ್ನೊಬ್ಬ ಸದಸ್ಯ: ನನಗೂ ಆ್ಯಂಟಿಬಾಡಿ ಪಾಸಿಟಿವ್ ಸರ್, ಮಾತ್ರೆ ಮುಗಿದಿದೆ...

ಡಾಕ್ಟರ್: ಮೇಲೆ ಬರೆದಿದ್ದೇನೆ. ಓದಿ.

ಬಂಗಾರಪೇಟೆ ಸದಸ್ಯ: ಮಾತ್ರೆ ಕಂಪನಿಗಳಿಗೆ ಲಾಭ, ಅಷ್ಟೇ.

ಡಾಕ್ಟರ್: 2018ರ ಜುಲೈ 28ರಂದು ಶುರುವಾದ ವೈರಲ್ ಹೆಪಟೈಟಿಸ್ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಇನ್ನು ನಿಮಗೆ ಉತ್ತರಿಸುವುದಿಲ್ಲ. ಮುಳಬಾಗಿಲಿನವರು ಎಲ್ಲಿ?

ಮುಳಬಾಗಿಲು ಸದಸ್ಯ: ಸ್ಟ್ರಿಪ್ ನೋಡಿದೆ ಸರ್. ಕಾರ್ಬಮಜೆಪಿನ್. ನಿಲ್ಲಿಸಿಬಿಡಲಾ?

ಡಾಕ್ಟರ್: ಬೇಡ! ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಜೋರಾಗಿ ಬರಬಹುದು. ಸಿ ಮಾತ್ರೆಯನ್ನೂ ಇನ್ನೂ ಶುರು ಮಾಡಬೇಡಿ. ಮೊದಲು ನರರೋಗದ ಡಾಕ್ಟರಿಗೆ ತೋರಿಸಿ, ಹೊಂದುವ ಬೇರೆ ಫಿಟ್ಸ್ ಮಾತ್ರೆಗೆ ಅವರೇ ನಿಧಾನವಾಗಿ ಬದಲಿಸಲಿ. ಹೋಗುವಾಗ ಆ ಸ್ಟ್ರಿಪ್, 2012ರ ಫೈಲ್ ಎರಡನ್ನೂ ತೆಗೆದುಕೊಂಡು ಹೋಗಿ.