ಪದಚರ್ಚೆ: ‘ಹೂಡಿ’ಗೆ ನಮ್ಮಲ್ಲಿ ಏನಂತಾರೆ? ಶನಿವಾರದೊಳಗೆ ಬೇಕು

ದಾವಣಗೆರೆಯಿಂದ, ಬುಧವಾರ:

ಪದಚರ್ಚೆ ಪಟ್ಟಿಯ ಗೆಳೆಯರೇ, ನಮಸ್ಕಾರ. ಅಕ್ಕನ ಮಗ ವಿದ್ಯಾನಗರದಲ್ಲಿ ಬಟ್ಟೆ ಅಂಗಡಿ ತೆರೆಯುತ್ತಿದ್ದಾನೆ. ಸೀರೆ ಪಂಚೆ ಅಲ್ಲ, ಕಾಲೇಜು ಹುಡುಗ ಹುಡುಗಿಯರು ಹಾಕುವ ಸ್ಟ್ರೀಟ್‌ವೇರ್. ತೋಳು ಮೊಣಕೈವರೆಗೆ ಇಳಿಯುವ ಟೀ ಶರ್ಟು, ಆರು ಜೇಬಿನ ಕಾರ್ಗೋ ಪ್ಯಾಂಟು, ಮೊಬೈಲಿಗೆಂದೇ ಜಿಪ್ ಇಟ್ಟ ಜಾಗರ್, ಎದೆ ಮೇಲೆ ಬೇವಿನೆಲೆ ಚಿತ್ರ. ‘ಟೆಕ್, ಕಂಫರ್ಟ್, ನೇಚರ್ ಮೂರೂ ಒಂದೇ ಅಂಗೀಲಿ ಮಾವ’ ಅಂತಾನೆ. ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದರಲ್ಲ, ಇವನು ಇಂಗ್ಲಿಷನ್ನೇ ಕನ್ನಡ ಅಕ್ಷರದಲ್ಲಿ ಬರೆಸಿ ಕೈ ತೊಳೆದುಕೊಂಡ. ನೋಡೋಣ ಅಂತ ಬಾಗಿಲಿಗೆ ಒಂದು ಫ್ಲೆಕ್ಸ್ ಕಟ್ಟಿದ: ‘ಹೂಡಿ, ಕೇವಲ 799 ರೂಪಾಯಿ’.

ಎದುರುಮನೆ ಅಜ್ಜ ಕೋಲೂರಿಕೊಂಡು ಬಂದು, ‘ಎಷ್ಟ್ ತಿಂಗ್ಳಿಗೆ ಡಬಲ್ ಆಗ್ತೈತಪ್ಪಾ?’ ಅಂತ ಕೇಳಿದರು. ಚೀಟಿ ವ್ಯವಹಾರ ಅಂದುಕೊಂಡಿದ್ದಾರೆ.

ಈಗ ಹೇಳಿ. ತಲೆಗೆ ಮುಸುಕಿರುವ ಆ ಅಂಗಿ ಹೂಡಿಗೆ, ಸ್ಟ್ರೀಟ್‌ವೇರಿಗೆ, ಬೆವರಿನ ವಿಷಯದ ‘ಮಾಯಿಶ್ಚರ್ ವಿಕಿಂಗ್’ಗೆ ಒಂದೊಂದು ಪದ ಬೇಕು. ಫ್ಲೆಕ್ಸಿನವನು ಶನಿವಾರ ಸಂಜೆವರೆಗೆ ಮಾತ್ರ ಕಾಯ್ತೀನಿ ಅಂದಿದ್ದಾನೆ.

ಚಳ್ಳಕೆರೆಯಿಂದ:

ಕೊಪ್ಪೆ. ಇದಕ್ಕೆ ಚರ್ಚೆ ಯಾಕೆ ಬೇಕೋ ತಿಳಿಯದು.

ಗೋಣಿಚೀಲ ತಗೊಳ್ಳಿ. ತಳದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಕ್ಕೆ ತುರುಕಿ. ತಲೆಗೆ ಗೂಡಾಯಿತು, ಬೆನ್ನಿಗೆ ಹೊದಿಕೆಯಾಯಿತು. ಅದೇ ಗೋಣಿಕೊಪ್ಪೆ. ಕಂಬಳಿಯನ್ನು ಹಾಗೆ ಮಡಚಿದರೆ ಕಂಬಳಿಕೊಪ್ಪೆ. ನಮ್ಮ ಕಡೆ ಕಂಬಳಿಗೆ ಹುಣಸೆಬೀಜದ ಸರಿ ಹಚ್ಚುತ್ತಾರೆ. ಹೊಸ ಕಂಬಳಿ ಹಲಗೆಯ ಹಾಗೆ ನಿಲ್ಲುತ್ತದೆ, ಜಡಿಮಳೆಯಲ್ಲೂ ನೀರು ಮೇಲಿಂದಲೇ ಜಾರಿ ಹೋಗುತ್ತದೆ. ನಿಮ್ಮ ಹುಡುಗನ ಟೆಕ್ಕು, ಕಂಫರ್ಟು, ನೇಚರು ಮೂರನ್ನೂ ಕುರಿ ಕಾಯುವವರು ಹೆಗಲ ಮೇಲೆ ಹಾಕಿಕೊಂಡು ತಿರುಗಿದ್ದಾರೆ. ಯಾರೂ ಅದಕ್ಕೆ 799 ಅಂತ ಚೀಟಿ ಅಂಟಿಸಲಿಲ್ಲ.

ಚಿತ್ರದುರ್ಗದಿಂದ, ನಿವೃತ್ತ ಕನ್ನಡ ಮೇಷ್ಟ್ರು:

ಕೊಪ್ಪೆ ತಪ್ಪು. ಕೊಪ್ಪೆಗೆ ತೋಳಿಲ್ಲ, ಅದನ್ನು ಹೊದೆಯುತ್ತೇವೆ. ಹೂಡಿಯನ್ನು ತೊಡುತ್ತೇವೆ. ಕ್ರಿಯಾಪದವೇ ಬೇರೆಯಾದಾಗ ನಾಮಪದ ಒಂದೇ ಆಗುವುದು ಹೇಗೆ? ಮಕ್ಕಳಿಗೆ ತೊಡಿಸುವ, ತಲೆ ಕಿವಿ ಮುಚ್ಚಿ ಬೆನ್ನಿಗೆ ಇಳಿಯುವ ‘ಕುಂಚಿಗೆ’ ಇದೆ, ಅದನ್ನು ಬಳಸಿ. ಕುಲಾವಿ ಎಂದು ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ: ಅದು ಫಾರಸಿಯ ಕುಲಾಹ್. ಬೇಡ.

ಇನ್ನು ಸ್ಟ್ರೀಟ್‌ವೇರ್. ‘ಬೀದಿವಸ್ತ್ರ’ ಎಂದು ಬರೆದವರಿಗೆ ವೈಯಾಕರಣ ಕೇಶಿರಾಜ ಅರಿಸಮಾಸದ, ಅಂದರೆ ಕನ್ನಡಕ್ಕೆ ಸಂಸ್ಕೃತ ಬೆಸೆಯುವ ದೋಷದ, ಪಾಠ ಹೇಳಿಯಾನು. ‘ಬೀದಿಯುಡುಗೆ’ಯೂ ಸಲ್ಲದು. ಉಡುವುದು ಸುತ್ತಿಕೊಳ್ಳುವ ಸೀರೆ ಪಂಚೆಗಳನ್ನು. ಹೊಲಿದದ್ದನ್ನು ತೊಡುವುದು. ಆದ್ದರಿಂದ ‘ಬೀದಿತೊಡುಗೆ’. ನಿಜ ಕೇಳಿದರೆ ಅಷ್ಟೂ ಬೇಕಿಲ್ಲ. ಹಳಗನ್ನಡದಲ್ಲಿ ‘ಬಟ್ಟೆ’ ಎಂದರೇ ದಾರಿ. ದಾರಿಯ ಬಟ್ಟೆ ವರ್ತ್ಮದಿಂದ, ಮೈಯ ಬಟ್ಟೆ ಪಟ್ಟದಿಂದ, ಕನ್ನಡಕ್ಕೆ ಬರುವಷ್ಟರಲ್ಲಿ ಎರಡೂ ಒಂದೇ ರೂಪ ತಳೆದವು. ಅಂಗಡಿಗೆ ‘ಹೆಬ್ಬಟ್ಟೆ’ ಎಂದು ಹೆಸರಿಟ್ಟರೆ ಹೆದ್ದಾರಿಯೂ ಆಯಿತು, ದೊಡ್ಡ ಬಟ್ಟೆಯೂ ಆಯಿತು.

ದಾವಣಗೆರೆಯಿಂದ:

ಮೇಷ್ಟ್ರೇ, ಹೆಬ್ಬಟ್ಟೆ ಕೇಳಿ ನಾನು ಕುಣಿದೆ. ಅಳಿಯನಿಗೆ ಓದಿ ಹೇಳಿದರೆ, ‘ಹೆಬ್ಬೆಟ್ಟು ಅಂತ ಓದ್ತಾರೆ ಮಾವ’ ಅಂದ. ಬೀದಿತೊಡುಗೆಗೆ ಅಕ್ಕನ ತಕರಾರು: ‘ಬೀದಿಗೆ ಬಿದ್ದ ಅಂತಾರೆ, ಬೀದಿಪಾಲು ಅಂತಾರೆ. ಸಾಲ ಮಾಡಿ ಅಂಗಡಿ ಹಾಕಿ ಬೋರ್ಡಿನ ಮೇಲೆ ಬೀದಿ ಅಂತ ಬರೆಸ್ತೀಯೇನೋ?’ ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಓವರ್‌ಸೈಜಿಗೆ ‘ದೊಗಲೆ’ ಅಂದೆ. ಮುಖ ಸಿಂಡರಿಸಿದ. ಅಣ್ಣನ ಅಂಗಿ ಹಾಕಿಕೊಂಡು ಸ್ಕೂಲಿಗೆ ಹೋದಾಗ ಕೇಳಿಸಿಕೊಂಡ ಬೈಗುಳವಂತೆ ಅದು.

ಹರಿಹರದಿಂದ:

ಅಪ್ಪ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಇದ್ದವರು, ನಾನು ಜವಳಿ ತಂತ್ರಜ್ಞಾನ ಓದಿದವನು. ಪದದ ಮೊದಲು ಪದಾರ್ಥ ನೋಡಿ ಸ್ವಾಮಿ.

ವಿಕಿಂಗಿಗೆ ಎಲ್ಲರೂ ‘ಬೆವರು ಹೀರುವ’ ಅಂತ ಬರೆಯುತ್ತಾರೆ. ಉಲ್ಟಾ. ಹೀರುವುದು ಹತ್ತಿ. ಮಾಮೂಲಿ ಹವೆಯಲ್ಲೇ ತನ್ನ ತೂಕದ ಶೇ 8ರ ಆಸುಪಾಸು ತೇವ ಹಿಡಿದುಕೊಂಡಿರುತ್ತದೆ. ಪಾಲಿಯೆಸ್ಟರ್ ಶೇ 0.4. ಅದಕ್ಕೆ ಹೀರುವ ಯೋಗ್ಯತೆಯೇ ಇಲ್ಲ. ಎಳೆಗಳ ನಡುವಿನ ಸಂದಿಯಲ್ಲಿ ಬೆವರು ಏರಿ, ಹೊರಮೈಗೆ ಹರಡಿ, ಗಾಳಿಗೆ ಆರುತ್ತದೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ. ಏಪ್ರಿಲ್ ಬಿಸಿಲಲ್ಲಿ ಕುಂದುವಾಡ ಕೆರೆ ಏರಿ ಮೇಲೆ ಎರಡು ಸುತ್ತು ಓಡಿ, ಹತ್ತಿ ಬನಿಯನ್ ಹಿಂಡಿ ನೋಡಿ, ಗೊತ್ತಾಗುತ್ತದೆ. ‘ಬೆವರು ಹಾಯಿಸುವ’ ಅನ್ನಿ. ತೋಟಕ್ಕೆ ನೀರು ಹಾಯಿಸಿದ ಹಾಗೆ.

ಇನ್ನೊಂದು. ಹುಡುಗನ ಪಟ್ಟಿಯಲ್ಲಿ ‘ಬಿದಿರಿನ ಬಟ್ಟೆ’ ಇದ್ದೇ ಇರುತ್ತದೆ, ಹೊಡೆದು ಹಾಕಿಸಿ. ಅದು ವಿಸ್ಕೋಸ್. ಹೊಳೆಯಾಚೆ ಕುಮಾರಪಟ್ಟಣದಲ್ಲಿ ಮರದ ತಿರುಳಿನಿಂದ ಮಾಡುತ್ತಾರಲ್ಲ, ಅದೇ ಕುಲ. ಕಾಸ್ಟಿಕ್ ಸೋಡ, ಕಾರ್ಬನ್ ಡೈಸಲ್ಫೈಡ್‌ನಲ್ಲಿ ಮಿಂದೆದ್ದ ಮೇಲೆ ಎಳೆಯಲ್ಲಿ ಬಿದಿರಿನ ಗುಣವೇನೂ ಉಳಿದಿರುವುದಿಲ್ಲ. ಅಮೆರಿಕದ ವ್ಯಾಪಾರ ಆಯೋಗ 2009ರಲ್ಲೇ ಇಂಥ ಕಂಪನಿಗಳ ಮೇಲೆ ಕ್ರಮಕ್ಕಿಳಿದು, ಇದನ್ನು ರೇಯಾನ್ ಎಂದೇ ಬರೆಯಬೇಕು ಅಂದಿತು. ನಿಸರ್ಗ ಬೇಕೆನ್ನುವ ಹುಡುಗರಿಗೆ ಎಲೆಯ ಚಿತ್ರ ಅಚ್ಚು ಹಾಕಿ ಕೊಟ್ಟರೆ ಸಾಕು ಅನ್ನಿಸಿಬಿಟ್ಟಿದೆ ಮಾರುವವರಿಗೆ.

ಹೊಸದುರ್ಗದಿಂದ:

ಹರಿಹರದವರು ಬತ್ತಿಯ ಮಾತು ತೆಗೆದದ್ದು ಒಳ್ಳೆಯದಾಯಿತು. ಬತ್ತಿ ಬಂದದ್ದೇ ‘ಬತ್ತು’ ಧಾತುವಿನಿಂದ. ಎಣ್ಣೆಯನ್ನು ಬತ್ತಿಸುತ್ತದೆ, ಆದ್ದರಿಂದ ಬತ್ತಿ. ಅಚ್ಚಗನ್ನಡ. ‘ಬೆವರ್ಬತ್ತಿ ಬಟ್ಟೆ’ ಎಂದು ಧೈರ್ಯವಾಗಿ ಬರೆಸಿ.

ಚಿತ್ರದುರ್ಗದಿಂದ:

ಸಂಸ್ಕೃತದ ವರ್ತಿ, ಕನ್ನಡದಲ್ಲಿ ಬತ್ತಿ. ತದ್ಭವ. ಮುಗಿಯಿತು.

ಹೊಸದುರ್ಗದಿಂದ:

ಚಂದವಾದ ಕನ್ನಡ ಪದ ಕಂಡರೆ ಸಾಕು, ಅದರ ಜನ್ಮಪತ್ರಿಕೆಯನ್ನು ಸಂಸ್ಕೃತದವರ ಮನೆಯಲ್ಲಿ ಹುಡುಕುವುದು ಕೆಲವರ ಚಾಳಿ. ಸಂಸ್ಕೃತದ ಹಂಗಿಲ್ಲದೆ ಆಂಡಯ್ಯ ಒಂದು ಇಡೀ ಕಾವ್ಯ ಬರೆದ. ನಮಗೆ ಒಂದು ಬೋರ್ಡು ಬರೆಯಲು ಆಗುವುದಿಲ್ಲವೇ? ‘ಕಂಫರ್ಟ್’ಗೆ ಯಾರೂ ‘ಆರಾಮ’ ಅಂದುಬಿಡಬೇಡಿ, ಅದೂ ಫಾರಸಿ. ‘ಹಾಯಿ’ ಇದೆ.

ಚಳ್ಳಕೆರೆಯಿಂದ:

ಹೊಸದುರ್ಗದ ಅಣ್ಣಾ, ಬೆಳಿಗ್ಗೆ ಎದ್ದು ಪಕ್ಕದ ಮನೆಯವರಿಗೆ ಏನು ಕೇಳ್ತೀರಿ, ‘ಹಾಯಾಗಿದೀರಾ’ ಅಂತಲೋ, ‘ಆರಾಮಿದೀರಾ’ ಅಂತಲೋ? ಫಾರಸಿ ಬೇಡವೆಂದರೆ ಪೈಜಾಮ ಬಿಚ್ಚಿಡಿ, ಶಾಲು ತೆಗೆದಿಡಿ, ರುಮಾಲೂ ಇಳಿಸಿ. ಜುಬ್ಬ ಅರಬ್ಬಿ, ಅದನ್ನೂ. ಆಮೇಲೆ ಮನೆಯಿಂದ ಹೊರಗೆ ಬರಬೇಡಿ.

ಮೇಷ್ಟ್ರಿಗೂ ಒಂದು ಮಾತು. ಕೊಪ್ಪೆಗೆ ತೋಳಿಲ್ಲ ಅಂದಿರಿ. ಹೂಡಿಯ ಹುಟ್ಟು ಎಲ್ಲಿ ಅಂತ ನೋಡಿದ್ದೀರಾ? 1930ರ ದಶಕದಲ್ಲಿ ಅಮೆರಿಕದಲ್ಲಿ ಚಾಂಪಿಯನ್ ಕಂಪನಿ, ಶೀತಲ ಗೋದಾಮಿನಲ್ಲಿ ದುಡಿಯುವ ಕೂಲಿಗಳಿಗೆ ಚಳಿ ತಡೆಯಲೆಂದು ಬೆವರಂಗಿಗೆ ತಲೆಗೂಡು ಹೊಲಿದು ಕೊಟ್ಟಿತು ಅನ್ನುತ್ತಾರೆ. ಕ್ರೀಡೆ, ಹಾಡು, ಫ್ಯಾಷನ್ ಎಲ್ಲ ಆಮೇಲೆ. ಈಗ ಎಪಿಎಂಸಿಗೆ ಹೋಗಿ ಹಮಾಲರನ್ನು ನೋಡಿ. ಮೆಕ್ಕೆಜೋಳದ ಚೀಲ ಬೆನ್ನಿಗೇರಿಸುವ ಮೊದಲು ತಲೆಗೆ ಏನು ಹಾಕಿಕೊಳ್ಳುತ್ತಾರೆ? ಅಲ್ಲೂ ಗೋದಾಮಿನ ಕೂಲಿ, ಇಲ್ಲೂ ಗೋದಾಮಿನ ಕೂಲಿ. ನಿಮ್ಮ ಕುಂಚಿಗೆ ತೊಟ್ಟಿಲ ಮಗುವಿಗೆ ಇರಲಿ.

ಚಿತ್ರದುರ್ಗದಿಂದ:

ಸಾಮಾಜಿಕ ಸಾಮ್ಯ ವ್ಯುತ್ಪತ್ತಿಯಾಗುವುದಿಲ್ಲ. ಆದರೂ ‘ಕೊಪ್ಪೆ’ಗೆ ‘ಅಂಗಿ’ ಸೇರಿಸಿದರೆ ತೋಳಿನ ಆಕ್ಷೇಪಣೆ ಹಿಂತೆಗೆದುಕೊಳ್ಳುತ್ತೇನೆ. ಕೊಪ್ಪೆಯಂಗಿ. ನಡುವೆ ಬರುವ ‘ಯ’, ಆ ಯಕಾರಾಗಮ ಬಿಡಬೇಡಿ.

ದಾವಣಗೆರೆಯಿಂದ, ಶನಿವಾರ ಮಧ್ಯಾಹ್ನ:

ತೀರ್ಮಾನ ಇಷ್ಟು. ಕೊಪ್ಪೆಯಂಗಿ ಗೆದ್ದಿದೆ. ಅಳಿಯನಿಗೆ ಹಮಾಲರ ಕಥೆ ಬಹಳ ಹಿಡಿಸಿ, ಗೋಣಿ ಬಣ್ಣದಲ್ಲೇ ನಾಲ್ಕು ಡಜನ್ ಹೊಲಿಸುತ್ತಾನಂತೆ. ‘ಬೆವರು ಹಾಯಿಸುವ’ ಅನ್ನುವುದಕ್ಕೆ ‘ಬೆವರು ಸುರಿಯುತ್ತೆ ಅಂತ ಅರ್ಥ ಆಗಲ್ವಾ?’ ಅಂದ. ಹೌದೆನಿಸಿತು. ‘ಬೆವರು ಬೇಗ ಆರುವ’ ಅಂತ ಬರೆಸಿದೆವು, ಹರಿಹರದವರು ಮನ್ನಿಸಬೇಕು. ಬಿದಿರು ಹೋಯಿತು. ಕಂಫರ್ಟಿಗೆ ‘ಮೈಗೆ ಆರಾಮ’. ಸ್ಟ್ರೀಟ್‌ವೇರ್ ಸ್ಟ್ರೀಟ್‌ವೇರಾಗಿಯೇ ಉಳಿದಿದೆ, ಅಕ್ಕನ ಎದುರು ಮಾತಾಡುವ ಧೈರ್ಯ ಈ ಪಟ್ಟಿಯಲ್ಲಿ ಯಾರಿಗಿದೆಯೋ ಮನೆಗೆ ಬನ್ನಿ, ಮಂಡಕ್ಕಿ ಮೆಣಸಿನಕಾಯಿ ನನ್ನ ಲೆಕ್ಕ.

ಹೊಸದುರ್ಗದಿಂದ:

ಸ್ಟ್ರೀಟ್‌ವೇರನ್ನೂ ಆರಾಮವನ್ನೂ ಒಂದೇ ಬೋರ್ಡಿನಲ್ಲಿ ಕೂರಿಸಿದ್ದೀರಿ. ನನ್ನ ಹೆಸರನ್ನು ಈ ಪಟ್ಟಿಯಿಂದ ತೆಗೆಯಿರಿ.

ದಾವಣಗೆರೆಯಿಂದ, ಸೋಮವಾರ:

ಬೋರ್ಡು ಏರಿತು. ಆದರೆ ಫ್ಲೆಕ್ಸಿನವನು ನಾನು ಕಳಿಸಿದ್ದನ್ನು ‘ನುಡಿ’ ತಂತ್ರಾಂಶಕ್ಕೆ ಇಳಿಸುವಾಗ ಅದು ಬಿಡಿಬಿಡಿಯಾಗಿ, ‘ಪ್ಪೆ’ಯ ತಲೆ ಮೇಲಿನ ಎತ್ವ ಹಾರಿಹೋಗಿದೆ. ಈಗ ‘ಕೊಪ್ಪ ಅಂಗಿ’ ಅಂತಿದೆ. ಬೆಳಿಗ್ಗೆ ಎದುರುಮನೆ ಅಜ್ಜ ಮತ್ತೆ ಬಂದಿದ್ದರು. ‘ಮಲೆನಾಡಿಂದ ತರಿಸ್ತೀರೇನು, ಅಲ್ಲಿಂದ ಅಡಿಕೆ ತರಿಸಾದು ಕೇಳಿದ್ದೆ’ ಅಂದರು.

ಚಿತ್ರದುರ್ಗದಿಂದ:

ಯಕಾರಾಗಮವೂ ಹೋಗಿದೆ.