ಅಪ್‌ಡೇಟ್: ‘ಚಡಪಡಿಕೆ’ ಎಂಬ ಪದದ ಬಳಕೆ ಕುರಿತು

ಕಾಫಿ ಮೊಗ್ಗು ಅರಳಿಸುವ ಹೂಮಳೆಗಾಗಿ ಕಾಯುವ ಕೊಡಗಿನ ಕಾಫಿ ಬೆಳೆಗಾರರ ಸ್ಥಿತಿಯನ್ನು ವರದಿಯೊಂದರಲ್ಲಿ ಬರೆಯುವಾಗ ‘ಗಡಿಬಿಡಿ’ ಎನ್ನಬೇಕೋ ‘ಚಡಪಡಿಕೆ’ ಎನ್ನಬೇಕೋ ಎಂದು ನಾನು ಕೇಳಿದ್ದೆ. ಉತ್ತರಿಸಿದವರಲ್ಲಿ ಬಹುತೇಕರು ಎರಡನೆಯದನ್ನು ಸೂಚಿಸಿದ್ದು, ಅವರ ವಾದ ನನಗೂ ಒಪ್ಪಿಗೆಯಾಗಿದೆ.

ಗಡಿಬಿಡಿಗೆ ಕೈಯಲ್ಲೊಂದು ಕೆಲಸವಿರಬೇಕು. ಚಡಪಡಿಕೆ, ಕಾಯುವುದರ ಹೊರತು ಬೇರೇನೂ ಮಾಡಲಾಗದವರ ಪಾಡು. ಮಾರ್ಚ್ ಹೊತ್ತಿಗೆ ರೊಬಸ್ಟಾ ಕಾಫಿಯ ಮೊಗ್ಗು ಬಲಿತು ನಿಂತಿರುವಾಗ, ಕೆರೆಯಲ್ಲಿ ನೀರು ಸಾಲದೆ ಸ್ಪ್ರಿಂಕ್ಲರ್ ಹಾಕಲಾಗದ ಬೆಳೆಗಾರ ಮೋಡ ನೋಡಲು ಅಂಗಳಕ್ಕಿಳಿಯುತ್ತಾನೆ, ಒಳಗೆ ಹೋಗಿ ಕೂರುತ್ತಾನೆ, ಮತ್ತೆ ಎದ್ದು ಬಂದು ಪಕ್ಕದ ತೋಟದವರಿಗೆ ಫೋನ್ ಮಾಡಿ ‘ನಿಮ್ಮಲ್ಲಿ ಎಷ್ಟು ಸೆಂಟ್ ಬಿತ್ತು?’ ಎಂದು ವಿಚಾರಿಸುತ್ತಾನೆ. (ನಮ್ಮಲ್ಲಿ ಇಂದಿಗೂ ಮಳೆಯ ಲೆಕ್ಕ ಇಂಚು, ಸೆಂಟುಗಳಲ್ಲೇ, 100 ಸೆಂಟಿಗೆ ಒಂದು ಇಂಚು.) ಮಳೆ ಬಿದ್ದು ಹೂವು ಅರಳಿದರೂ, ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಶವರ್ (ಹೂಮಳೆಯ ನಂತರದ ಇನ್ನೊಂದು ಮಳೆ) ಬರುವವರೆಗೆ ಈ ಅವಸ್ಥೆ ತಪ್ಪುವುದಿಲ್ಲ.

‘ತಳಮಳ’ವನ್ನು ಸೂಚಿಸಿದವರೂ ಇದ್ದರು. ಆದರೆ ತಳಮಳ ಮನಸ್ಸಿನೊಳಗಿನದು, ಅದನ್ನು ಮುಚ್ಚಿಟ್ಟುಕೊಳ್ಳಬಹುದು. ಅನುಕರಣ ಶಬ್ದದಿಂದ ಹುಟ್ಟಿದ ಚಡಪಡಿಕೆಯಾದರೋ ಕೈಕಾಲುಗಳಲ್ಲೇ ಕಾಣಿಸುತ್ತದೆ. ಇದು ಆತಂಕಕ್ಕಷ್ಟೇ ಮೀಸಲಾದ ಪದವೂ ಅಲ್ಲ: ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ರಾತ್ರಿ ಕದಿರು (ಭತ್ತದ ತೆನೆ) ತೆಗೆಯುವ ಮುಹೂರ್ತದ ಕೋವಿಯ ಸದ್ದಿಗೆ ಕಿವಿಗೊಟ್ಟ ಮಕ್ಕಳು ನಿಂತಲ್ಲಿ ನಿಲ್ಲದಿರುವುದೂ ಚಡಪಡಿಕೆಯೇ.

ಅಂತಿಮವಾಗಿ ವರದಿಯಲ್ಲಿ ‘ಹೂಮಳೆ ತಡವಾದಂತೆಲ್ಲ ಬೆಳೆಗಾರರ ಚಡಪಡಿಕೆ ಹೆಚ್ಚುತ್ತಿದೆ’ ಎಂದು ಬರೆದಿದ್ದೇನೆ. ತೋಟಕ್ಕೆ ಕಾಡಾನೆ ನುಗ್ಗಿದ ಪ್ರಸಂಗದಲ್ಲಿ ಮಾತ್ರ ‘ಗಾಬರಿ’ಯನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ, ಏಕೆಂದರೆ ಅಲ್ಲಿ ಚಡಪಡಿಸುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ.